ಮಗುವಿನ ನಡಿಗೆಯಷ್ಟು ದೂರ

ತಮ್ಮಾ, ತಂಗೀ, ಶನಿವಾರ ರಾತ್ರಿ ಊಟವಾದದ್ದೇ ಫೋನು ಹಿಡಿದು ನಾಳೆ ಮಕ್ಕಳನ್ನು ಎಲ್ಲಿಗೆ ಕರಕೊಂಡು ಹೋಗುವುದೆಂದು ಹುಡುಕಲು ಕೂರುತ್ತೀರಿ. ಗೋವಾಕ್ಕೋ, ದಾಂಡೇಲಿಗೋ, ಜೋಗಕ್ಕೋ. ಬೆಳಿಗ್ಗೆ ನಿದ್ದೆಗಣ್ಣಿನ ಮಕ್ಕಳನ್ನು ಕಾರಿಗೆ ಹತ್ತಿಸುತ್ತೀರಿ. ಘಟ್ಟದ ತಿರುವಿನಲ್ಲಿ ಒಬ್ಬರಿಗೆ ವಾಂತಿ, ಇನ್ನೊಬ್ಬರಿಗೆ ತಲೆನೋವು. ಅಲ್ಲಿ ಮುಟ್ಟಿದ ಮೇಲೆ ಗಾಡಿ ನಿಲ್ಲಿಸಲು ಜಾಗ ಹುಡುಕಬೇಕು, ಸಾಲಿನಲ್ಲಿ ನಿಲ್ಲಬೇಕು, ಫೋಟೋ ತೆಗೆಯಬೇಕು, ಕತ್ತಲಾಗುವುದರೊಳಗೆ ಮರಳಬೇಕು. ರಾತ್ರಿ ಮಲಗುವಾಗ ಮಗುವನ್ನು ಕೇಳಿ ನೋಡಿ, ಇವತ್ತು ಏನು ನೋಡಿದೆ ಎಂದು. ಹೋಟೆಲಿನ ಐಸ್‌ಕ್ರೀಮಿನ ಸುದ್ದಿ ಹೇಳುತ್ತದೆ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಇಡೀ ದಿನದಲ್ಲಿ ಅದಕ್ಕೆ ನಿಧಾನವಾಗಿ ಸಿಕ್ಕಿದ್ದು ಅದೊಂದೇ.

ಕಾರವಾರ, ಅಂಕೋಲೆಗಳಲ್ಲಿ ಮನೆ ಇದ್ದವರು ನಿಸರ್ಗ ನೋಡಲೆಂದು ದಿನವಿಡೀ ಗಾಡಿಯಲ್ಲಿ ಕೂರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸಹ್ಯಾದ್ರಿ. ಕೆಲವು ಕಡೆ ಇವೆರಡರ ನಡುವೆ ಹೆದ್ದಾರಿಗೂ ಕೊಂಕಣ ರೈಲ್ವೆಯ ಹಳಿಗೂ ಸಾಕಾಗುವಷ್ಟೇ ನೆಲ. ಕಾಳಿ, ಗಂಗಾವಳಿ ಎರಡೂ ನದಿಗಳು ಸಮುದ್ರ ಸೇರುವುದು ನಮ್ಮ ಕಣ್ಣೆದುರಿಗೇ. ಹಾಗಾಗಿ ನಾನು ಹೇಳಬೇಕೆಂದಿರುವುದು ಇಷ್ಟು: ಮನೆಗೆ ಹತ್ತಿರದ ಒಂದು ಜಾಗ ಆರಿಸಿಕೊಳ್ಳಿ. ವರ್ಷವಿಡೀ ಅಲ್ಲಿಗೇ ಮತ್ತೆ ಮತ್ತೆ ಹೋಗಿ. ಎಷ್ಟು ದೂರ, ಎಷ್ಟು ಹೊತ್ತು ಎನ್ನುವುದನ್ನು ಮಗುವಿನ ಕಾಲಿಗೆ ಬಿಟ್ಟುಬಿಡಿ.

ಇದು ಹೊಸ ಮಾತೂ ಅಲ್ಲ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರ ಸುಮಾರಿಗೆ, ಇಪ್ಪತ್ತರ ಹರೆಯದ ರವೀಂದ್ರರು ಇಲ್ಲಿಗೆ ಬಂದಿದ್ದರು. ಒಂದು ಸಂಜೆ ತಮ್ಮವರ ಜೊತೆ ಸಣ್ಣ ದೋಣಿಯಲ್ಲಿ ಕಾಳಿಯ ಮೇಲ್ಗಡೆಗೆ ಹೋಗಿ, ಗುಡ್ಡದ ಹಳೆಯ ಕೋಟೆಯ ಬಳಿ ಇಳಿದು, ರೈತನೊಬ್ಬನ ಗುಡಿಸಿ ಚೊಕ್ಕ ಮಾಡಿದ ಅಂಗಳದಲ್ಲಿ ಕೂತು, ತಾವೇ ಕಟ್ಟಿಕೊಂಡು ಹೋದ ಬುತ್ತಿ ಉಂಡರು. ಮರಳುವಾಗ ಅಳಿವೆ ಮುಟ್ಟುವಷ್ಟರಲ್ಲಿ ತುಂಬ ತಡವಾಗಿತ್ತು. ಅಲ್ಲೇ ದೋಣಿ ಬಿಟ್ಟು ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ಮನೆಗೆ ಬಂದರು. ಅಷ್ಟೇ ಸಂಗತಿ. ಆದರೆ ಸುಮಾರು ಮೂವತ್ತು ವರ್ಷಗಳ ಮೇಲೆ ತಮ್ಮ ‘ಜೀವನಸ್ಮೃತಿ’ ಪುಸ್ತಕದಲ್ಲಿ ಕಾರವಾರವನ್ನು ನೆನೆಯುವಾಗ ಅವರು ಬರೆದದ್ದು ಈ ಸಂಜೆಯನ್ನೇ. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಹುಟ್ಟಿದ್ದೂ ಆ ದಿನಗಳಲ್ಲೇ. ಈಗ ಅವರ ಹೆಸರಿನ ಕಡಲತೀರದಲ್ಲಿ ನಿಮ್ಮ ಮಕ್ಕಳು ಗೋಬಿ ಮಂಚೂರಿ ತಿಂದು ಬರುತ್ತಾರೆ. ತಿನ್ನಲಿ, ಬೇಡ ಎನ್ನುವುದಿಲ್ಲ. ಒಮ್ಮೆಯಾದರೂ ಅಂಗಡಿಗಳ ಬೆಳಕು ದಾಟಿ, ಕೋಡಿಬಾಗದ ಕಡೆ, ಕಾಳಿಯ ಬಾಯಿಯವರೆಗೆ ಅವರ ಜೊತೆ ನಡೆಯಿರಿ.

ನಡೆಯುವಾಗ ಅವಸರ ಮಾಡಬೇಡಿ. ನಾಲ್ಕೈದು ವರ್ಷದ ಮಗುವಿನ ಜೊತೆ ಇಳಿತದ ಹೊತ್ತಿಗೆ ಮರಳಿಗೆ ಇಳಿದರೆ ನೂರು ಹೆಜ್ಜೆ ದಾಟಲಿಕ್ಕೆ ಅರ್ಧ ತಾಸು ಬೇಕು. ನೀರು ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಸಾವಿರಾರು ಸಣ್ಣ ಸಣ್ಣ ಉಂಡೆಗಳು ಬಿದ್ದಿರುತ್ತವೆ, ನಡುವೆ ಒಂದು ತೂತು, ಅದರ ಸುತ್ತ ರಂಗೋಲಿ ಎಳೆದ ಹಾಗೆ. ಉಗುರಿನಷ್ಟು ಏಡಿಯ ಕೆಲಸ ಅದು. ಮರಳನ್ನು ಬಾಯಿಗೆ ಹಾಕಿಕೊಂಡು, ಅದರೊಳಗಿನ ಆಹಾರವನ್ನು ಹೀರಿ, ಉಳಿದದ್ದನ್ನು ಉಂಡೆ ಮಾಡಿ ಬಿಡುತ್ತದೆ. ಮುಂದಿನ ಉಬ್ಬರ ಬಂದು ಎಲ್ಲವನ್ನೂ ಅಳಿಸುತ್ತದೆ, ಏಡಿ ಮತ್ತೆ ಶುರು ಮಾಡುತ್ತದೆ. ಮಗು ಅಲ್ಲಿ ಕುಕ್ಕರಗಾಲಲ್ಲಿ ಕೂತು ಬಿಟ್ಟರೆ ನೀವೂ ಕೂರಿ. ‘ಬಾ ಬಾ, ಮುಂದೆ ಇನ್ನೂ ಚಂದ ಇದೆ’ ಎಂದು ಕೈ ಹಿಡಿದು ಎಳೆಯಬೇಡಿ. ಅದಕ್ಕೆ ಚಂದ ಸಿಕ್ಕಿದ್ದು ಅಲ್ಲೇ. ಬಹಳ ಮಂದಿ ತಂದೆತಾಯಂದಿರು ಎಡವುವುದು ಇಲ್ಲಿಯೇ ಎಂದು ನನ್ನ ಅಂದಾಜು. ಹೊರಟ ಮೇಲೆ ಒಂದು ಕಡೆ ಮುಟ್ಟಲೇಬೇಕೆಂದು ಅವರ ಹಟ. ಮಗುವಿಗೆ ಮುಟ್ಟಬೇಕಾದ ಊರೇ ಇಲ್ಲ.

ಕಾರವಾರದವರಿಗೆ ಮೊದಲು ಹೇಳುವುದು ಸದಾಶಿವಗಡ. ಸೋಂದೆಯ ಅರಸರು ಕಟ್ಟಿಸಿದ ಕೋಟೆ, ಕಾಳಿಯ ಬಡಗಣ ದಂಡೆಯ ಗುಡ್ಡ. ಮೇಲೆ ದುರ್ಗಾದೇವಿಯ ಗುಡಿ, ಕೆಳಗೆ ದರ್ಗಾ. ಆರು ವರ್ಷದ ಮಗು ತನ್ನ ಕಾಲಲ್ಲೇ ಹತ್ತಬಹುದಾದ ಎತ್ತರ. ಮೇಲೆ ನಿಂತು ಮಗುವಿಗೆ ಹೆಸರು ಹೇಳಿಕೊಡಿ: ಅಗೋ ಅದು ದೇವಬಾಗದ ಗಾಳಿಮರಗಳ ಸಾಲು, ಅದು ಕೂರ್ಮಗಡ, ಅದರಾಚೆ ದೇವಗಡದ ದೀಪಸ್ತಂಭ, 1864ರದ್ದು. ಇಲ್ಲಿ ನೋಡು, 2024ರ ಆಗಸ್ಟಿನಲ್ಲಿ ಕುಸಿದ ಹಳೇ ಸೇತುವೆ ಇದ್ದದ್ದು ಇಲ್ಲಿ. ಜೊಯಿಡಾದ ಡಿಗ್ಗಿಯ ಕಾಡಿನಲ್ಲಿ ಹುಟ್ಟಿದ ಕಾಳಿಯ ನೀರು ಸೂಪಾ, ಕೊಡಸಳ್ಳಿ, ಕದ್ರಾ ಎಂದು ಕಟ್ಟೆಕಟ್ಟೆಗೆ ನಿಂತು, ಕರೆಂಟು ಕೊಟ್ಟು, ಕೊನೆಗೆ ಬಂದದ್ದು ಇಲ್ಲಿಗೆ. ಮನೆಯಲ್ಲಿ ಗುಂಡಿ ಒತ್ತಿದರೆ ಹತ್ತುವ ದೀಪಕ್ಕೂ ಈ ನೀರಿಗೂ ನಂಟಿದೆ ಎಂಬುದನ್ನು ಮಗು ಆ ಗುಡ್ಡದ ಮೇಲೆ ಕಲಿತಷ್ಟು ಚೆನ್ನಾಗಿ ಪುಸ್ತಕದಲ್ಲಿ ಕಲಿಯುವುದಿಲ್ಲ. ಮುಂದಿನ ಪುಷ್ಯದ ಹುಣ್ಣಿಮೆಗೆ ಕೂರ್ಮಗಡದ ನರಸಿಂಹ ದೇವರ ಜಾತ್ರೆಗೆ ದೋಣಿಯಲ್ಲಿ ಹೋದರೆ, ದೂರದಿಂದ ಗುರುತು ಹಿಡಿದ ನಡುಗಡ್ಡೆಯ ಮೇಲೆ ಕಾಲಿಟ್ಟ ಹಿಗ್ಗೂ ಸೇರುತ್ತದೆ.

ಕಾಳಿಯ ದಂಡೆಯಲ್ಲಿ ಅರಣ್ಯ ಇಲಾಖೆ ಕಾಂಡ್ಲಾ ಗಿಡಗಳ ನಡುವೆ ಹಲಗೆಯ ದಾರಿ ಮಾಡಿದೆ. ಪುಟ್ಟ ಮಕ್ಕಳಿಗೆ, ಮೊಣಕಾಲು ನೋವಿನ ಅಜ್ಜಿಯರಿಗೆ ಇಂಥ ಜಾಗ ಅನುಕೂಲ. ಕಾಂಡ್ಲಾದ ಬೀಜ ಮರದಲ್ಲಿ ಇರುವಾಗಲೇ ಮೊಳೆಯುತ್ತದೆ, ಉದ್ದದ ಕೋಡಿನ ಹಾಗೆ ನೇತಾಡಿ, ಕೆಸರಿಗೆ ಬಿದ್ದು ನೆಟ್ಟಗೆ ನಿಲ್ಲುತ್ತದೆ. ಕೆಸರಿನಿಂದ ಬೆರಳಿನಂತೆ ಮೇಲೆದ್ದ ಬೇರುಗಳು ಗಾಳಿ ಹೀರುವ ಬೇರುಗಳು. ಇಳಿತದಲ್ಲಿ ಒಮ್ಮೆ, ಉಬ್ಬರದಲ್ಲಿ ಒಮ್ಮೆ ಅದೇ ಹಲಗೆಯ ಮೇಲೆ ನಿಲ್ಲಿಸಿ ತೋರಿಸಿ. ಎರಡು ಬೇರೆ ಬೇರೆ ಊರಿಗೆ ಬಂದೆವೆಂದು ಮಗು ತಿಳಿಯುತ್ತದೆ.

ಕಾಲು ಗಟ್ಟಿಯಾದ ಮಕ್ಕಳಿದ್ದರೆ ಮಾಜಾಳಿಯಿಂದ ಗುಡ್ಡ ದಾಟಿ ತಿಳಮಾತಿಗೆ ಇಳಿಯಿರಿ. ಈಚೆ ಬಿಳಿ ಮರಳು, ಗುಡ್ಡದಾಚೆ ಕಪ್ಪು ಮರಳು. ಯಾಕೆ ಹೀಗೆ ಎಂದು ಮಗು ಕೇಳಿದರೆ ಉತ್ತರ ಅಲ್ಲೇ ಇದೆ, ಸುತ್ತಲಿನ ಕಪ್ಪು ಬಂಡೆಯನ್ನು ಸಮುದ್ರ ಅರೆದು ಹಾಕಿದೆ. ಚೆಂಡಿಯಾದ ಒಳಗಿನ ನಾಗರಮಡಿ, ಅಂಕೋಲೆಯ ಅಚವೆ ಕಡೆಯ ವಿಭೂತಿ ಜಲಪಾತ, ಗುಡ್ಡಳ್ಳಿಯ ಏರು ಇವೆಲ್ಲ ಚಂದವೇ, ಮಳೆ ನಿಂತ ಮೇಲೆ ಹೋಗಿ. ಆದರೆ ರಜೆಯ ಜನಜಂಗುಳಿಯಲ್ಲಿ ಹೋಗಬೇಡಿ, ವಾರದ ನಡುವೆ ಒಂದು ಬೆಳಿಗ್ಗೆ ಸಾಧ್ಯವಾದರೆ ಹೋಗಿ.

ಇನ್ನು ಅಂಕೋಲೆ. ಹೊನ್ನೆಗುಡಿ, ನದಿಬಾಗ, ಬೆಳಂಬಾರ, ಕೇಣಿ ಎಂದು ನಮಗೆ ಕಡಲತೀರಗಳಿಗೆ ಬರವಿಲ್ಲ. ಆದರೆ ನಾನು ಇವೆಲ್ಲಕ್ಕಿಂತ ಮೊದಲು ಹೇಳುವುದು ಮನೆ ಹಿಂದಿನ ಹಕ್ಕಲು. ಹೌದು, ಆ ಮುಳ್ಳುಗಂಟಿ, ಗೇರು, ಮುರುಗಲು ಬೆಳೆದ ಕೆಂಪು ಕಲ್ಲಿನ ಹಕ್ಕಲೇ. ಅಲ್ಲಿಗೆ ಯಾರೂ ಟಿಕೆಟು ಕೊಟ್ಟು ಬರುವುದಿಲ್ಲ, ಫೋನಿನಲ್ಲಿ ಅದರ ಚಿತ್ರ ಸಿಗುವುದಿಲ್ಲ. ಮಾರ್ಚಿನಲ್ಲಿ ಸುರಗಿ ಅರಳಿದರೆ ಮರ ಕಾಣುವ ಮೊದಲೇ ಪರಿಮಳ ಬರುತ್ತದೆ. ಮಗು ಮೂಗಿನ ದಾರಿಯಲ್ಲಿ ಮರ ಹುಡುಕಲಿ. ಏಪ್ರಿಲ್, ಮೇ ತಿಂಗಳಲ್ಲಿ ಮುರುಗಲು ಕೆಂಪಾಗುತ್ತದೆ, ಕವಳಿ ಹಣ್ಣು ಕಪ್ಪಾಗುತ್ತದೆ. ಜೂನಿನ ಮೊದಲ ಮಳೆಗೆ ಕಪ್ಪೆ, ಏಡಿ, ಕೆಂಪು ಮಖಮಲ್ಲಿನ ಹುಳ. ಸೆಪ್ಟೆಂಬರಿನಲ್ಲಿ ಬೋಳು ಕಲ್ಲಿನ ಮೇಲೂ ಬೆರಳುದ್ದದ ಹುಲ್ಲಿನ ನಡುವೆ ಎಂಥೆಂಥ ಹೂ! ಒಂದೇ ಹಕ್ಕಲಿಗೆ ವರ್ಷವಿಡೀ ಹೋದ ಮಗುವಿಗೆ ತಿಂಗಳುಗಳು ಬೇರೆ ಬೇರೆ ಎಂಬುದು ಮೈಗೆ ಗೊತ್ತಾಗುತ್ತದೆ. ಹನ್ನೆರಡು ಊರು ಒಮ್ಮೊಮ್ಮೆ ನೋಡಿದ ಮಗುವಿಗೆ ಅದು ಗೊತ್ತಾಗುವುದಿಲ್ಲ. ಕಡಲತೀರಕ್ಕೂ ಇದೇ ಮಾತು. ಚಳಿಗಾಲಕ್ಕೆ ಬಡಗಣದಿಂದ ಕಡಲಕ್ಕಿಗಳು ಬರುತ್ತವೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಆಲಿವ್ ರಿಡ್ಲಿ ಆಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರು ಗೂಡಿಗೆ ಬಲೆ ಕಟ್ಟಿ ಕಾದು, ಮರಿಗಳನ್ನು ನೀರಿಗೆ ಬಿಡುತ್ತಾರೆ. ಮೊದಲೇ ವಿಚಾರಿಸಿಕೊಂಡರೆ ಮಕ್ಕಳಿಗೆ ದೂರದಿಂದ ನೋಡಲಿಕ್ಕೆ ಸಿಗಬಹುದು. ಟಾರ್ಚು ಬಿಡಬಾರದು, ಮುಟ್ಟಬಾರದು.

ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದಾಗ ಎಲ್ಲರೂ ಹೆಮ್ಮೆಪಟ್ಟೆವು. ಪೇಟೆಯಲ್ಲಿ ಬುಟ್ಟಿಗಟ್ಟಲೆ ಕೊಂಡು ತಿಂದೆವು. ನಿಮ್ಮ ಮಗು ಇಶಾಡಿನ ಮರದ ಬುಡದಲ್ಲಿ ಎಂದಾದರೂ ನಿಂತಿದೆಯೇ? ಮೇ ತಿಂಗಳ ಒಂದು ಬೆಳಿಗ್ಗೆ ಪರಿಚಯದ ಯಾರದಾದರೂ ತೋಟಕ್ಕೆ, ಕೇಳಿಕೊಂಡು, ನಡೆದೇ ಹೋಗಿ. ಅದೂ ಒಂದು ಚಾರಣವೇ.

ಹೆಸರು ಗೊತ್ತಿಲ್ಲ, ಏನು ತೋರಿಸುವುದು ಎಂದು ನೀವು ಹಿಂಜರಿಯುತ್ತೀರಿ. ಕೇಳಿ ತಿಳಿದುಕೊಳ್ಳಿ. ಹೊನ್ನಳ್ಳಿಯ ತುಳಸಿ ಗೌಡರು ನಮ್ಮ ತಾಲೂಕಿನವರೇ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ತಾಯಿಯ ಜೊತೆ ಕೂಲಿಗೆ ಸೇರಿ, ಯಾವ ಮರದ ಬೀಜ ಯಾವಾಗ ಆಯಬೇಕು, ಯಾವ ಮರ ತಾಯಿಮರವಾಗಲು ಯೋಗ್ಯ ಎಂಬುದನ್ನು ಕಾಡಿನಲ್ಲಿ ಓಡಾಡಿಯೇ ಕಲಿತರು. ಓದಿ ಬಂದ ಅಧಿಕಾರಿಗಳು ಅವರನ್ನು ಕೇಳಿ ತಿಳಿಯುತ್ತಿದ್ದರು. 2020ರ ಪದ್ಮಶ್ರೀಯನ್ನು 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಪಡೆದಾಗ ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ ಬರಿಗಾಲಲ್ಲಿ ನಡೆದುಹೋದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅವರು ಹೋದರೆಂದು ತಿಳುವಳಿಕೆ ಪೂರ್ತಿ ಹೋಗಿಲ್ಲ. ಅಂಕೋಲೆಯ ಪೇಟೆಯಲ್ಲಿ ಕೊರಳ ತುಂಬ ಮಣಿಸರ ಹಾಕಿ ಸೊಪ್ಪು, ಗೆಣಸು ಮಾರಲು ಕೂತ ಹಾಲಕ್ಕಿ ಅಕ್ಕಂದಿರನ್ನು, ದಡದಲ್ಲಿ ಬಲೆ ನೇಯುತ್ತ ಕೂತ ಹರಿಕಂತ್ರ, ಖಾರ್ವಿ ಮನೆಯ ಹಿರಿಯರನ್ನು, ನಿಮ್ಮ ಮನೆಯ ಅಜ್ಜಿಯನ್ನೇ ಕೇಳಿ. ಮಕ್ಕಳಿಂದಲೇ ಕೇಳಿಸಿ. ದೊಡ್ಡವರು ಕೇಳಿದರೆ ಅರ್ಧ ಉತ್ತರ ಬರುತ್ತದೆ, ಮಗು ಕೇಳಿದರೆ ಕಥೆ ಸಮೇತ ಬರುತ್ತದೆ. ಬೆಳಿಗ್ಗೆ ಎಲ್ಲಿಯಾದರೂ ರಂಪಣಿ ಬಲೆ ಎಳೆಯುತ್ತಿದ್ದರೆ ಅಲ್ಲಿ ನಿಂತು ನೋಡಲಿ. ಆದರೆ ಅದು ಅವರ ಹೊಟ್ಟೆಪಾಡಿನ ಕೆಲಸ, ಬಲೆ ತುಳಿಯಬಾರದು, ಕೇಳದೆ ಫೋಟೋ ತೆಗೆಯಬಾರದು ಎಂದು ಮೊದಲೇ ಹೇಳಿ ಕರೆದೊಯ್ಯಿರಿ.

ಈಗ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾದ ಮಾತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮಲ್ಲಿ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಅದು ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮ. ಆದರೆ ಆ ದಿನಗಳ ಸಮುದ್ರ ಎಂಥದ್ದೆಂದು ಆ ದೋಣಿಯವರನ್ನು ಕೇಳಿ. ಹುಟ್ಟಿದಾಗಿನಿಂದ ನೀರಿನ ಮೇಲೆ ಇರುವವರೇ ದಡದಲ್ಲಿ ಕೂತಿರುವಾಗ ನೀವು ಮಕ್ಕಳನ್ನು ಮೊಣಕಾಲು ನೀರಿಗೆ ಇಳಿಸಬೇಡಿ. ಮಳೆಗಾಲ ಕಳೆದ ಮೇಲೂ ಒಂದು ನೆನಪಿಡಿ: ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟೆಯನ್ನು ನೋಡಿ ಇಲ್ಲಿ ಈಜಬಹುದು ಎಂದುಕೊಳ್ಳುತ್ತಾರೆ. ದಡಕ್ಕೆ ಬಂದ ನೀರು ಒಳಕ್ಕೆ ಸೆಳೆದುಕೊಂಡು ಹೋಗುವ ದಾರಿ ಬಹಳ ಸಲ ಅದೇ ಆಗಿರುತ್ತದೆ. ಕಾಳಿ, ಗಂಗಾವಳಿಯ ಅಳಿವೆಗಳಲ್ಲಿ ಇಳಿತದ ಸೆಳೆತ ಇನ್ನೂ ಜೋರು, ಮರಳದಿಬ್ಬ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತದೆ. ಅಲ್ಲಿ ನಡೆಯಿರಿ, ನೀರಿಗೆ ಇಳಿಯಬೇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ಎರಡು ಮೀಟರಿನ ಹತ್ತಿರ ಹೋಗುತ್ತದೆ. ಬಂಡೆ ಬಳಸಿ ಆಚೆ ಹೋಗುವವರು ವೇಳೆ ನೋಡಿಕೊಳ್ಳದಿದ್ದರೆ ಮರಳುವ ದಾರಿ ನೀರಿನಡಿ ಇರುತ್ತದೆ. ಇವತ್ತಿನ ಇಳಿತದ ವೇಳೆ ನಾಳೆಗೆ ಸುಮಾರು 50 ನಿಮಿಷ ತಡ. ಈ ಲೆಕ್ಕವನ್ನು ಮಕ್ಕಳಿಗೇ ವಹಿಸಿ, ಖುಷಿಯಿಂದ ಮಾಡುತ್ತಾರೆ.

ಗುಡ್ಡದ ವಿಷಯವೂ ಹಾಗೇ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿಗೆ ದೂಡಿದ್ದನ್ನು ನಾವು ಯಾರೂ ಮರೆಯಲಾರೆವು. ಅದಕ್ಕೂ ಮೊದಲು, 2009ರ ಅಕ್ಟೋಬರಿನಲ್ಲಿ, ಕಾರವಾರದ ಕಡವಾಡದ ಝರಿವಾಡದಲ್ಲಿ ಮನೆಗಳ ಮೇಲೆಯೇ ಗುಡ್ಡ ಕುಸಿದಿತ್ತು. ಅಕ್ಟೋಬರ್ ಎಂದರೆ ಮಳೆಗಾಲ ಮುಗಿಯಿತೆಂದು ನಾವು ಕೊಡೆ ಒಳಗಿಡುವ ಹೊತ್ತು. ಎರಡು ಮೂರು ದಿನ ಬಿಡದೆ ಸುರಿದಿದ್ದರೆ ಗುಡ್ಡ ಕಡಿದು ಮಾಡಿದ ರಸ್ತೆಯ ಪಕ್ಕ ಗಾಡಿ ನಿಲ್ಲಿಸಿ ಮಕ್ಕಳನ್ನು ಇಳಿಸಬೇಡಿ, ಜಲಪಾತದ ಕಡೆ ಹೊರಡಬೇಡಿ. ಆ ರವಿವಾರ ಮನೆಯ ಮಾಡಿನಡಿ ಕೂತು ಅಂಗಳದ ನೀರು ನೋಡಿದರೂ ಆಯಿತು. ಚಳಿಗಾಲದಿಂದ ಮೇ ತನಕ ದಟ್ಟ ಕಾಡಿಗೆ ಹೋಗುವವರಿಗೆ ಉಣುಗಿನ ಬಗ್ಗೆ ಎಚ್ಚರವಿರಲಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲಿ ಸಿದ್ದಾಪುರದ ಕಡೆ ಹೆಚ್ಚು ಕಂಡಿದ್ದರೂ ಕಾಡು ಎಲ್ಲ ಕಡೆ ಒಂದೇ. ಮೈತುಂಬ ಬಟ್ಟೆ, ಮುಚ್ಚಿದ ಚಪ್ಪಲಿ, ಮನೆಗೆ ಬಂದದ್ದೇ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಇಷ್ಟು ಪಾಲಿಸಿದರೆ ಹೆದರಿ ಮನೆಯೊಳಗೆ ಕೂರುವ ಕಾರಣವಿಲ್ಲ.

ಬಿಣಗಾ, ಅರಗಾದಿಂದಾಚೆ ನಾವು ಚಿಕ್ಕವರಿದ್ದಾಗ ನಡೆದಾಡಿದ ಎಷ್ಟೋ ದಡ ಈಗ ನೌಕಾನೆಲೆಯ ಬೇಲಿಯೊಳಗಿದೆ. 2005ರಲ್ಲಿ ಐಎನ್‌ಎಸ್ ಕದಂಬ ಆರಂಭವಾಗುವ ಮೊದಲೇ ಊರಿಗೆ ಊರೇ ಎದ್ದು ಬೇರೆಡೆ ಹೋಯಿತು. ದೇಶಕ್ಕೆ ಬೇಕಿತ್ತು, ಕೊಟ್ಟೆವು. ಬೇಲಿ ಇರುವ ಕಡೆ ಹೋಗಬೇಡಿ. ಆ ಊರಿನ ಹಿರಿಯರು ನಿಮ್ಮ ಪರಿಚಯದಲ್ಲಿದ್ದರೆ ಮಕ್ಕಳನ್ನು ಅವರ ಹತ್ತಿರ ಕೂರಿಸಿ, ಆ ದಡಗಳ ಹೆಸರನ್ನಾದರೂ ಕೇಳಿಸಿಕೊಳ್ಳಲಿ. ಉಳಿದ ದಡಗಳ ಮೇಲೂ ಬಂದರು, ರಸ್ತೆ ಎಂದು ಯೋಜನೆಗಳು ಬರುತ್ತಲೇ ಇವೆ. ಬಂದರು ಬೇಡವೆಂದು ಕೇಣಿಯ ಮೀನುಗಾರರು ಬೀದಿಗಿಳಿದದ್ದನ್ನು ನೋಡಿದ್ದೀರಿ. ನಾಳೆ ಇವುಗಳ ಬಗ್ಗೆ ಮಾತಾಡಬೇಕಾದವರು ನಿಮ್ಮ ಮಕ್ಕಳು. ಬೇಕೋ ಬೇಡವೋ ಅವರೇ ತೀರ್ಮಾನಿಸಲಿ, ಆದರೆ ಆ ಮರಳನ್ನು ತುಳಿದು ತಿಳಿದವರಾಗಿ ತೀರ್ಮಾನಿಸಲಿ ಎಂಬುದು ನನ್ನ ಆಸೆ.

ಬುತ್ತಿಯ ವಿಷಯದಲ್ಲಿ ತಾಯಂದಿರಿಗೆ ಹೊರೆ ಮಾಡಬೇಡಿ. ಬೆಳಿಗ್ಗೆ ಎರೆದ ತೆಳ್ಳೇವು, ಬೆಲ್ಲ, ಮೊಸರು ಅವಲಕ್ಕಿ, ಮಾವಿನಮಿಡಿ ಉಪ್ಪಿನಕಾಯಿ ಸಾಕು. ಬಾಳೆಲೆಯಲ್ಲಿ ಕಟ್ಟಿದರೆ ಹೊತ್ತು ತರುವ ಕಸವೂ ಇಲ್ಲ. ಬಾಟಲಿಗೆ ಮುರುಗಲಿನ ಪಾನಕ ತುಂಬಿ, ಬಿಸಿಲಿಗೆ ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿಲ್ಲ. ಪ್ರತಿ ಮಗುವೂ ತನ್ನ ನೀರನ್ನು ತಾನೇ ಹೊರಲಿ. ಹತ್ತು ಗಂಟೆಯೊಳಗೆ ನೆರಳಿಗೆ ಬನ್ನಿ, ನಮ್ಮ ಕರಾವಳಿಯ ಸೆಕೆಯಲ್ಲಿ ನಡುಹಗಲಿನ ನಡಿಗೆ ಯಾರಿಗೂ ಸುಖವಲ್ಲ. ಫೋನು ಒಂದು ಸಾಕು, ಅದೂ ಚೀಲದ ತಳದಲ್ಲಿ ಇರಲಿ.

ಇನ್ನೊಂದು, ಹನ್ನೆರಡು ಹದಿಮೂರು ತುಂಬುತ್ತಿದ್ದಂತೆ ಮಕ್ಕಳು ‘ನಾನು ಬರುವುದಿಲ್ಲ, ಅದೇ ಗುಡ್ಡ, ಅದೇ ದಡ’ ಎನ್ನುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಒತ್ತಾಯಿಸಲೂ ಬೇಡಿ. ಆ ವಯಸ್ಸಿಗೆ ಅಪ್ಪ ಅಮ್ಮನ ಹಿಂದೆ ನಡೆಯುವುದು ಒಗ್ಗುವುದಿಲ್ಲ. ದಾರಿ ತೋರಿಸುವ ಕೆಲಸವನ್ನು ಅವರಿಗೇ ಕೊಟ್ಟುಬಿಡಿ. ಯಾವ ಕಡೆಯಿಂದ ಹತ್ತುವುದು, ಎಷ್ಟಕ್ಕೆ ಹೊರಡುವುದು, ಇಳಿತದ ವೇಳೆ ಯಾವುದು, ಎಲ್ಲಿ ಕೂತು ಉಣ್ಣುವುದು ಎಲ್ಲ ಅವರದ್ದೇ ಯಜಮಾನಿಕೆ. ನೀವು ಹಿಂದೆ ನಡೆಯಿರಿ. ಸಣ್ಣ ತಮ್ಮ ತಂಗಿಯರಿಗೆ ಏಡಿಯ ಉಂಡೆ ತೋರಿಸುವ ಹೊಣೆಯೂ ಅವರಿಗಿರಲಿ. ಗೆಳೆಯ ಗೆಳತಿಯರನ್ನು ಕರೆತರುತ್ತೇನೆ ಎಂದರೆ ಬೇಡವೆನ್ನದೆ ನಾಲ್ಕು ತೆಳ್ಳೇವು ಹೆಚ್ಚು ಎರೆದು ಕಟ್ಟಿಕೊಳ್ಳಿ.